ದೊಡ್ಡಪ್ಪನ ಪೈಪು, ಅಕ್ಕನ ನಳ

ಎರಡು ವಸ್ತುಗಳನ್ನು ಮುಂದಿಟ್ಟು ‘ಯಾವುದು ಬೇಕು ಹೇಳು’ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ. ಒಂದೇ ಕೊಟ್ಟರೆ ನನ್ನಷ್ಟು ಸುಖಿ ಇನ್ನೊಬ್ಬನಿಲ್ಲ. ಕೊಟ್ಟದ್ದನ್ನು ಉಟ್ಟು, ಬಡಿಸಿದ್ದನ್ನು ಉಂಡು, ತೋರಿಸಿದ ಕುರ್ಚಿಯಲ್ಲಿ ಕೂತು ಇದ್ದುಬಿಡುತ್ತೇನೆ. ಎರಡಾದವೋ, ಕೆಟ್ಟೆ. ಮಸ್ಕಿಯ ಬಟ್ಟೆ ಅಂಗಡಿಯೊಂದರಲ್ಲಿ ತಿಳಿನೀಲಿ ಗೆರೆಯ ಅಂಗಿಯೋ ಬೂದು ಬಣ್ಣದ ಅಂಗಿಯೋ ಎಂದು ನಾನು ನಿಂತ ನಿಲುವಿಗೆ ಅಂಗಡಿಯವರು ಎರಡು ಸಲ ಚಹಾ ತರಿಸಿದರು. ಮೂರನೆಯ ಸಲ ತರಿಸದೆ ಷಟರನ್ನು ಅರ್ಧಕ್ಕೆ ಇಳಿಸಿದರು. ಕೊನೆಗೆ ನನ್ನ ಹೆಂಡತಿ ಸುಜಾತಾ ಎರಡನ್ನೂ ಬದಿಗಿಟ್ಟು ಒಂದು ಬಿಳಿ ಅಂಗಿ ಕಟ್ಟಿಸಿಕೊಂಡು ಹೊರಟಳು. ಹೋಟೆಲಿನಲ್ಲಿಯೂ ಇದೇ ಕಥೆ. ಒಗ್ಗರಣೆ-ಮಿರ್ಚಿಯೋ ಇಡ್ಲಿ-ವಡೆಯೋ ಎಂದು ನಾನು ಗೋಡೆಯ ಹಲಗೆಯನ್ನು ಓದುತ್ತಿರುವಾಗ ಪಕ್ಕದ ಮೇಜಿನವರು ತಿಂದು, ಕೈ ತೊಳೆದು, ಬೀಡಾ ಹಾಕಿಕೊಂಡು ಹೋಗಿರುತ್ತಾರೆ. ನನ್ನ ಮದುವೆ ಸಸೂತ್ರವಾಗಿ ನಡೆಯಲು ಕಾರಣ ನಮ್ಮಪ್ಪ ಒಂದೇ ಹುಡುಗಿಯ ಫೋಟೋ ತಂದದ್ದು. ಎರಡು ತಂದಿದ್ದರೆ ಇವತ್ತಿಗೂ ನಾನು ಎರಡನ್ನೂ ಬೆಳಕಿಗೆ ಹಿಡಿದು ನೋಡುತ್ತಾ ಕೂತಿರುತ್ತಿದ್ದೆ. ಈ ಮಾತನ್ನು ಒಮ್ಮೆ ಸುಜಾತಾಗೆ ಹೊಗಳಿಕೆಯೆಂದೇ ಹೇಳಿದೆ. ಅವಳು ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ.

ಇಂಥವನಿಗೆ ಸಿಕ್ಕ ಕೆಲಸವಾದರೂ ಎಂಥದ್ದು ಅಂತೀರಿ? ಆಯ್ಕೆ ಮಾಡುವುದೇ ಕೆಲಸ. ಸಿಂಧನೂರಿನಲ್ಲಿ ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ ಇದೆ. ಹಳ್ಳಿಗಳಿಗೆ ಕುಡಿಯುವ ನೀರಿನ ಪೈಪು ಹೇಗೆ ಹೋಗಬೇಕು, ಟ್ಯಾಂಕು ಎಲ್ಲಿ ಕೂಡಬೇಕು ಎಂದು ನಕ್ಷೆ ಮಾಡಿಕೊಡುವ ಸಣ್ಣ ಸಂಸ್ಥೆ. ನಾನು ಇರುವುದು ಲಿಂಗಸುಗೂರಿನಲ್ಲಿ. ದಿನಾ ಬೆಳಗ್ಗೆ ಬಸ್ಸು ಹತ್ತಿ, ಜೋಳದ ಹೊಲಗಳನ್ನು ನೋಡುತ್ತಾ ಮಸ್ಕಿಯವರೆಗೆ ಎಚ್ಚರವಾಗಿದ್ದು, ಅಲ್ಲಿಂದ ಮುಂದೆ ನಿದ್ದೆ ಹೋಗಿ, ಭತ್ತದ ಗದ್ದೆಗಳ ನಡುವೆ ಎಚ್ಚರಾಗುವುದು ನನ್ನ ರೂಢಿ. ಕಾಲುವೆಯ ನೀರು ಗದ್ದೆಯ ಬದುವಿನ ಮೇಲೆ ಹರಿದು ಪೋಲಾಗುವುದನ್ನು ನೋಡುತ್ತಾ ಕಚೇರಿಗೆ ಹೋಗಿ, ನೀರೇ ಇಲ್ಲದ ಊರುಗಳ ಕಡತ ಬಿಚ್ಚುತ್ತೇನೆ. ಇದರ ಬಗ್ಗೆ ಬಹಳ ಯೋಚನೆ ಮಾಡಿದರೆ ತಲೆ ಕೆಡುತ್ತದೆಂದು ನಾನು ಅದನ್ನು ಬಸ್ಸಿನಲ್ಲೇ ಬಿಟ್ಟು ಇಳಿಯುತ್ತೇನೆ.

ಕೆಲಸ ನಡೆಯುವುದು ಕಂಪ್ಯೂಟರಿನ ಒಂದು ಸಾಫ್ಟ್‌ವೇರಿನಲ್ಲಿ. ಪರದೆಯ ಮೇಲೆ ಊರನ್ನು ಬರೆಯಬೇಕು. ಮನೆಯೆಂದರೆ ಚುಕ್ಕಿ, ಪೈಪೆಂದರೆ ಗೆರೆ. ಯಾವ ಚುಕ್ಕಿ ಎಷ್ಟು ಎತ್ತರದಲ್ಲಿದೆ, ದಿನದ ಯಾವ ತಾಸಿನಲ್ಲಿ ಅಲ್ಲಿಯವರು ಎಷ್ಟು ನೀರು ಬಳಸುತ್ತಾರೆ ಎಂದೆಲ್ಲ ತುಂಬಿ ‘ರನ್’ ಎಂದು ಒತ್ತಿದರೆ ಊರಿಗೆ ಊರೇ ಬಣ್ಣ ಪಡೆಯುತ್ತದೆ. ನೀರು ಜೋರಾಗಿ ಬರುವ ಮನೆ ನೀಲಿ, ಬಾರದ ಮನೆ ಕೆಂಪು. ಟ್ಯಾಂಕು ಅಲ್ಲಿ ಬೇಡ, ಇಲ್ಲಿಡೋಣ ಅನ್ನಿಸಿತೋ, ಇಡೀ ಊರಿನ ಪ್ರತಿ ಮಾಡಿಕೊಂಡು ಟ್ಯಾಂಕನ್ನು ಬೆರಳಿನಿಂದ ಎಳೆದು ಬೇರೆ ಕಡೆ ಇಟ್ಟರಾಯಿತು. ಒಬ್ಬ ಕೂಲಿಯವ ಬೇಡ, ಒಂದು ಬುಟ್ಟಿ ಮಣ್ಣು ಏಳುವುದಿಲ್ಲ. ಹೀಗೆ ಮಾಡಿದ ಒಂದೊಂದು ಪ್ರತಿಗೂ ನಮ್ಮಲ್ಲಿ ‘ಆಲ್ಟರ್ನೇಟಿವ್’ ಎನ್ನುತ್ತಾರೆ. ಬೇರೆಯವರು ಎರಡು ಅಥವಾ ಮೂರು ಮಾಡಿ, ಹೋಲಿಸಿ, ಒಂದನ್ನು ಆರಿಸಿ ಮನೆಗೆ ಹೋಗುತ್ತಾರೆ. ನನ್ನ ಕೈಗೆ ಆ ಪ್ರತಿ ಮಾಡುವ ಗುಂಡಿ ಸಿಕ್ಕದ್ದು ದೊಡ್ಡ ಅನಾಹುತ. ಒಂದು ಊರಿಗೆ ಹದಿನಾಲ್ಕು ಆಲ್ಟರ್ನೇಟಿವ್ ಮಾಡಿದ್ದೆ. ನಮ್ಮ ಮಾಲೀಕರಾದ ಖಾದರ್ ಸರ್, ಇಡೀ ಜೀವನ ನೀರಿನ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರು, ನನ್ನ ಪರದೆಯನ್ನು ಕನ್ನಡಕದ ಮೇಲಿನಿಂದಲೂ ಕೆಳಗಿನಿಂದಲೂ ನೋಡಿ ನಿಟ್ಟುಸಿರು ಬಿಟ್ಟರು.

“ಏನಪಾ ಆನಂದಾ, ಲಗ್ನಪತ್ರ ಹಂಚಾಕ ಬೀಗರ ಯಾದಿ ಮಾಡಿದಂಗ ಮಾಡೀಯಲ್ಲ. ಒಂದು ಫೈಸಲಾ ಮಾಡು. ಮಂದಿ ಬಾಯಾರಿ ಕುಂತಾರ.”

ನಾನು ಹತ್ತನ್ನು ಅಳಿಸಿದೆ. ಉಳಿದದ್ದು ನಾಲ್ಕು. ಆ ನಾಲ್ಕರ ಕಥೆಯೇ ಇದು.

ಆ ಊರು ಸಂತೆಕಲ್ಲೂರಿನ ಆಚೆಗಿದೆ. ನಮ್ಮ ಅಕ್ಕ ಶಾಂತಮ್ಮನನ್ನು ಕೊಟ್ಟದ್ದು ಅಲ್ಲಿಗೇ. ಆದ್ದರಿಂದ ನನಗೆ ಅದು ಅಕ್ಕನ ಊರು. ಊರಿನ ಕೆಳಭಾಗದಲ್ಲಿ ನಾಲ್ಕು ಓಣಿ, ಹಳೆಯ ಟ್ಯಾಂಕು, ಶಾಲೆ. ಮೇಲೆ ಬಂಡೆಗಲ್ಲಿನ ದಿಬ್ಬದ ಮೇಲೆ ಒಂದು ಓಣಿ, ಅದನ್ನು ಗುಡ್ಡದ ಓಣಿ ಎನ್ನುತ್ತಾರೆ. ಆ ಓಣಿಯಲ್ಲಿ ನಮ್ಮಂತೆ ಬುದ್ಧನ ಫೋಟೋ ಇಟ್ಟ ಮನೆಗಳೂ ಇವೆ, ಹನುಮಪ್ಪನ ಫೋಟೋ ಇಟ್ಟ ಮನೆಗಳೂ ಇವೆ. ನೀರಿಗೆ ಮಾತ್ರ ಯಾವ ಭೇದವೂ ಇಲ್ಲ, ಇಬ್ಬರಿಗೂ ಬರುವುದಿಲ್ಲ. ಹಿಂದೊಮ್ಮೆ ಯಾರೋ ಪೈಪು ಹಾಕಿ, ಮನೆಮನೆಗೆ ನಳ ನಿಲ್ಲಿಸಿ ಹೋಗಿದ್ದರು. ಮೊದಲ ವಾರ ಬಂದ ನೀರು ಆಮೇಲೆ ದಿಬ್ಬ ಹತ್ತುವ ಉತ್ಸಾಹ ತೋರಲಿಲ್ಲ. ಓಣಿಯ ಕಟ್ಟಕಡೆಯ ಮನೆ ಅಕ್ಕನದು. ಅವಳ ಮನೆಯ ನಳದ ಕಂಬಕ್ಕೆ ಆಡು ಕಟ್ಟುತ್ತಿದ್ದಳು. ನಳದ ತಿರುವಿಗೆ ಭಾವನವರ ಟವೆಲ್ಲು ತೂಗುತ್ತಿತ್ತು. ದಿನಾ ಆರೇಳು ಕೊಡ ನೀರನ್ನು ದಿಬ್ಬದ ಬುಡದಿಂದ ಹೊತ್ತು ತಂದು ಅಕ್ಕನ ಮೊಣಕಾಲು ಸವೆದಿತ್ತು. ಏಳುವಾಗ ಒಂದು ಕೈಯನ್ನು ಗೋಡೆಗೆ ಕೊಟ್ಟು ಏಳುವಳು. ನಾನು ಹೋದಾಗಲೆಲ್ಲ ಅವಳು ಆ ನಳವನ್ನು ತೋರಿಸಿ ಒಂದೇ ಮಾತು ಹೇಳುತ್ತಿದ್ದಳು:

“ಊರೂರಿಗೆ ನೀರು ಕುಡಸ್ತೀಯಂತ. ಈ ಆಡಿಗೆ ಹೇಳು, ನಂಬತೈತೇನು ನೋಡೋಣು.”

ಆದ್ದರಿಂದ ಆ ಊರಿನ ಕಡತ ನಮ್ಮ ಕಚೇರಿಗೆ ಬಂದಾಗ ನನಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಸಂತೋಷ ಅಕ್ಕನ ಮೊಣಕಾಲಿಗಾಗಿ. ಹೆದರಿಕೆ ಮಂದಿಯ ಬಾಯಿಗಾಗಿ. ತಮ್ಮನೇ ಎಂಜಿನಿಯರು, ಅಕ್ಕನ ಮನೆಗೆ ಪೈಪು ಎಳೆದುಕೊಂಡ ಎಂದು ಒಬ್ಬ ಅಂದರೆ ಸಾಕು, ಸಂತೆಕಲ್ಲೂರಿನಿಂದ ಮಸ್ಕಿಗೆ ಹೋಗುವ ಟಂಟಂ ಆಟೋದಲ್ಲಿ ಅದು ನನಗಿಂತ ಮುಂಚೆ ಊರು ಸುತ್ತುತ್ತದೆ. ಹೀಗಾಗಿ ನಾನು ಮೊದಲ ದಿನವೇ ನಿಷ್ಪಕ್ಷಪಾತಿಯಾಗಿರಲು ನಿರ್ಧರಿಸಿದೆ. ನಿಷ್ಪಕ್ಷಪಾತಿ ಎಂದರೆ, ಅಕ್ಕನಿಗೆ ಅನುಕೂಲವಾಗುವುದು ಯಾವುದೇ ಇರಲಿ, ಅದನ್ನು ಕೊನೆಯಲ್ಲಿ ನೋಡುವುದು.

ಆಲ್ಟರ್ನೇಟಿವ್‌ಗಳಿಗೆ ಎ, ಬಿ, ಸಿ ಎಂದು ಹೆಸರಿಟ್ಟರೆ ಮರುದಿನ ಬೆಳಗ್ಗೆ ಯಾವುದು ಯಾವುದೆಂದು ನನಗೇ ತಿಳಿಯುವುದಿಲ್ಲ. ಅದಕ್ಕಾಗಿ ನಾನು ಅವುಗಳಿಗೆ ನೆಂಟರ ಹೆಸರಿಡುತ್ತೇನೆ. ಹಳೆಯ ಟ್ಯಾಂಕನ್ನೇ ಇಟ್ಟುಕೊಂಡು, ಹಳೆಯ ಪೈಪಿನಲ್ಲಿ ಒಂದು ತುಂಡು ಮಾತ್ರ ಬದಲಿಸಿ ಸಾಗಿಸುವುದಕ್ಕೆ ದೊಡ್ಡಪ್ಪ ಎಂದಿಟ್ಟೆ. ನಮ್ಮ ದೊಡ್ಡಪ್ಪ ಒಂದು ಕೊಡೆಗೆ ಒಮ್ಮೆ ಬಟ್ಟೆ, ಒಮ್ಮೆ ಕಡ್ಡಿ, ಇನ್ನೊಮ್ಮೆ ಹಿಡಿಕೆ ಬದಲಿಸಿ, ನಲವತ್ತು ವರ್ಷದಿಂದ ಅದೇ ಕೊಡೆ ಹಿಡಿದಿದ್ದೇನೆ ಎನ್ನುತ್ತಿದ್ದರು. ದೊಡ್ಡ ಪಂಪು, ದಪ್ಪ ಪೈಪು, ಎತ್ತರದ ಹೊಸ ಟ್ಯಾಂಕು, ಎಲ್ಲವೂ ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು ಇರುವುದಕ್ಕೆ ಮಾವ ಎಂದಿಟ್ಟೆ. ಸುಜಾತಾಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ. ಕೆಳಗಿನ ನಾಲ್ಕೂ ಓಣಿ ಸುತ್ತಿ, ಎಲ್ಲರ ಮನೆಯ ಮುಂದೆ ನಿಂತು, ಕೊನೆಗೆ ದಿಬ್ಬದ ಕಡೆ ಹೊರಡುವ ಪೈಪು ಚಿಕ್ಕಮ್ಮ. ಇನ್ನು ನಾಲ್ಕನೆಯದು, ಯಾವ ಓಣಿಗೂ ಕೊಡದೆ ನೇರ ದಿಬ್ಬ ಹತ್ತಿ, ಬಂಡೆಯ ಮೇಲೆ ತನ್ನದೇ ಒಂದು ಸಣ್ಣ ಟ್ಯಾಂಕು ತುಂಬಿಕೊಂಡು, ಗುಡ್ಡದ ಓಣಿಗೆ ಅಲ್ಲಿಂದಲೇ ನೀರು ಬಿಡುವುದು. ಯಾರ ಹಂಗೂ ಇಲ್ಲದ ಅದಕ್ಕೆ ಅಕ್ಕ ಎನ್ನದೆ ಬೇರೆ ಹೆಸರು ಹೊಳೆಯಲಿಲ್ಲ.

ರನ್ ಒತ್ತಿದೆ. ದೊಡ್ಡಪ್ಪ ಗೆದ್ದರು! ಅತ್ಯಂತ ಕಡಿಮೆ ಖರ್ಚು, ಅತ್ಯಂತ ಕಡಿಮೆ ಅಗೆತ, ಊರೆಲ್ಲ ನೀಲಿ. ದಿಬ್ಬದ ತುದಿಯ ಅಕ್ಕನ ಚುಕ್ಕಿಯೂ ತೆಳ್ಳಗೆ ನೀಲಿ. ಜೀವನದಲ್ಲಿ ಮೊದಲ ಸಲ ನಾಲ್ಕರಲ್ಲಿ ಒಂದನ್ನು ನಾನಾಗಿಯೇ ಆರಿಸಿದ್ದೆ. ಅಷ್ಟು ಹೆಮ್ಮೆಯಾಯಿತೆಂದರೆ, ಆ ಭಾನುವಾರ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಅಕ್ಕನ ಮನೆಗೇ ಹೋದೆ. ಅವಳು ಜೋಳ ಹಸನು ಮಾಡುತ್ತಾ ಕೂತಿದ್ದಳು. ಮೊರದ ಪಕ್ಕದಲ್ಲೇ ಲ್ಯಾಪ್‌ಟಾಪು ಬಿಚ್ಚಿದೆ.

“ನೋಡು ಅಕ್ಕಾ, ಇದು ನಿಮ್ಮ ಊರು. ಈ ತುದಿಗೆ ಚುಕ್ಕಿ ಐತಲ್ಲ, ಅದು ನಿನ್ನ ಮನಿ. ನೀಲಿ ಆಗೈತಿ. ನೀರು ಬರತೈತಿ ಇನ್ನ.”

ಅಕ್ಕ ಮೊರವನ್ನು ಕೆಳಗಿಟ್ಟು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ತನ್ನ ಚುಕ್ಕಿಯನ್ನು ನೋಡಿದಳು.

“ಇದು ಯಾವ ದಿನದ್ದು?”

“ಯಾವ ದಿನದ್ದಂದ್ರ? ದಿನಾ ಹಿಂಗ.”

“ದಿನಾ ಹೆಂಗ ಹಿಂಗ ಇರತೈತಿ? ಅಮಾಸಿ ದಿನದ್ದು ತೋರಸು.”

ನಾನು ಪರದೆಯನ್ನೆಲ್ಲ ತಡಕಾಡಿದೆ. ಸಾಫ್ಟ್‌ವೇರಿನಲ್ಲಿ ಬೆಳಗಿನ ಆರು ಗಂಟೆ ಇತ್ತು, ಏಳು ಗಂಟೆ ಇತ್ತು, ಸಂಜೆ ಇತ್ತು. ಅಮಾವಾಸ್ಯೆ ಇರಲಿಲ್ಲ.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾವು ಸಣ್ಣವರಿದ್ದಾಗ, ಲಿಂಗಸುಗೂರಿನಲ್ಲಿ ಮಾಸ್ತರರಾಗಿದ್ದ ನಮ್ಮಪ್ಪ ಒಂದು ದಿನ ಬುದ್ಧನ ಫೋಟೋ ತಂದು ಗೋಡೆಗೆ ಹಾಕಿ, “ಇನ್ನ ಮುಂದ ಈ ಮನಿಯೊಳಗ ಅಮಾಸಿ ಇಲ್ಲ, ಹುಣ್ಣಿವಿ ಅಷ್ಟ” ಎಂದು ಘೋಷಿಸಿದರು. ಅವ್ವ ಒಪ್ಪಿದಳು. ಅವಳಿಗೆ ಮನೆ ತೊಳೆಯಲು ತಿಂಗಳಿಗೊಂದು ದಿನ ಬೇಕಿತ್ತು, ಅದು ಕತ್ತಲಾದರೇನು ಬೆಳಕಾದರೇನು ಎಂದು ಹುಣ್ಣಿಮೆಯ ಹಿಂದಿನ ದಿನ ತೊಳೆಯತೊಡಗಿದಳು. ಹೀಗೆ ನನ್ನ ತಲೆಯೊಳಗೆ ಅಮಾವಾಸ್ಯೆ ಎನ್ನುವುದು ಕ್ಯಾಲೆಂಡರಿನ ಒಂದು ಕಪ್ಪು ಚುಕ್ಕಿಯಾಗಿ ಮಾತ್ರ ಉಳಿಯಿತು. ಇಡೀ ಸೀಮೆಯೇ ಅಮಾವಾಸ್ಯೆಯ ದಿನ ಮನೆ, ಅಂಗಡಿ, ಎತ್ತು, ಬೈಕು, ಟ್ರ್ಯಾಕ್ಟರು ತೊಳೆದು ಪೂಜೆ ಮಾಡುತ್ತದೆ. ಬೀದಿಯಲ್ಲಿ ದಿನವೂ ಓಡಾಡುವ ನನಗೆ ಇದು ಕಾಣದೆ ಇರಲಿಲ್ಲ. ಕಂಡದ್ದು ಲೆಕ್ಕಕ್ಕೆ ಬರಲಿಲ್ಲ, ಅಷ್ಟೇ.

“ಅವತ್ತು ಕೆಳಗಿನ ಓಣ್ಯಾಗ ಎಲ್ಲಾ ನಳ ಒಮ್ಮೆಲೇ ಬಿಚ್ಚತಾರ” ಅಂದಳು ಅಕ್ಕ. “ಮುಂಜಾನಿಂದ ಮಧ್ಯಾಹ್ನದ ಮಟ. ಬುಡಕ್ಕ ಹೋದ್ರೂ ಕೊಡ ತುಂಬಂಗಿಲ್ಲ. ಅಮಾಸಿ ಅವರು ಮಾಡ್ತಾರ, ಉಪವಾಸ ನಾವು ಮಾಡ್ತೀವಿ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಮತ್ತೆ ಮೊರ ಎತ್ತಿಕೊಂಡಳು. ನನಗೇ ನಾಚಿಕೆಯಾಗಿ ಲ್ಯಾಪ್‌ಟಾಪು ಮುಚ್ಚಿದೆ. ಆಡು ನನ್ನನ್ನೇ ನೋಡುತ್ತಿತ್ತು.

ಮುಂದಿನ ಅಮಾವಾಸ್ಯೆಗೆ ಬೆಳಗ್ಗೆ ಆರಕ್ಕೇ ನಾನು ಕೆಳಗಿನ ಓಣಿಯಲ್ಲಿ ಹಾಜರಿದ್ದೆ. ಕೈಯಲ್ಲಿ ಒಂದು ಪುಸ್ತಕ, ಒಂದು ಬಕೆಟ್ಟು, ಗಡಿಯಾರಕ್ಕೆ ಮೊಬೈಲು. ಒಂದು ಬಕೆಟ್ಟು ತುಂಬಲು ಎಷ್ಟು ಹೊತ್ತು, ಒಂದು ಮನೆ ತೊಳೆಯಲು ಎಷ್ಟು ಬಕೆಟ್ಟು ಎಂದು ಬರೆದುಕೊಳ್ಳುತ್ತಾ ಹೊರಟೆ. ಎಂಥ ವೈಭವ ಅದು! ಅಂಗಳಗಳು ಕನ್ನಡಿಯಾಗಿದ್ದವು. ಎತ್ತುಗಳು ಮೈ ಕೊಡವಿ ನನ್ನ ಪುಸ್ತಕ ತೋಯಿಸಿದವು. ಟ್ರ್ಯಾಕ್ಟರ್ ತೊಳೆಯುತ್ತಿದ್ದ ಬಸಪ್ಪ ಎನ್ನುವವರು ನನ್ನನ್ನು ಅನುಮಾನದಿಂದ ನೋಡಿ ನಳವನ್ನು ಬೆನ್ನಿನಿಂದ ಮರೆ ಮಾಡಿದರು.

“ಏನ್ ಬರಕೊಳ್ಳಾಕತ್ತೀರಿ ಸರ್? ತೊಳಿಯಾಕೂ ಟ್ಯಾಕ್ಸ್ ಬಂತೇನ್ರಿ?”

“ಇಲ್ಲರೀ. ಅಮಾಸಿಗೆ ಎಷ್ಟು ನೀರು ಬೇಕು ಅಂತ ನೋಡಾಕ ಬಂದೀನಿ. ಟ್ರ್ಯಾಕ್ಟರಿಗೆ ಎಷ್ಟು ಬೇಕರೀ?”

ಬಸಪ್ಪನವರು ಟ್ರ್ಯಾಕ್ಟರನ್ನು ಅಕ್ಕರೆಯಿಂದ ನೋಡಿದರು.

“ಅದು ಸಾಕು ಅನ್ನೋ ಮಟ ಬೇಕ್ರೀ. ತಿಂಗಳೆಲ್ಲ ಮಣ್ಣಾಗ ದುಡಿತೈತಿ, ಒಂದು ದಿನ ಮೈ ತೊಳೀಬಾರದೇನು?”

‘ಅದು ಸಾಕು ಅನ್ನೋ ಮಟ’ ಎಂದೇ ಬರೆದುಕೊಂಡು, ಅದರ ಎದುರಿಗೆ ಬಕೆಟ್ಟುಗಳನ್ನು ನಾನೇ ಎಣಿಸಿ ಹಾಕಿದೆ. ಹೊರಡುವಾಗ ಅವರ ಮನೆಯವರು ಒಳಗೆ ಕರೆದು ಹೋಳಿಗೆ ಬಡಿಸಿದರು. ಅವರ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ನನ್ನ ಗೆರೆಯಲ್ಲಿ. ಸೋಮವಾರ ಕಚೇರಿಗೆ ಹೋಗಿ ಸಾಫ್ಟ್‌ವೇರಿಗೆ ಅಮಾವಾಸ್ಯೆ ತುಂಬಿದೆ. ರನ್ ಒತ್ತಿದೆ. ದೊಡ್ಡಪ್ಪ ಬೆಳಗಿನ ಏಳಕ್ಕೇ ಗುಡ್ಡದ ಓಣಿಯಲ್ಲಿ ಕೆಂಪಾದರು. ಚಿಕ್ಕಮ್ಮ ದಿಬ್ಬದ ಬುಡ ಮುಟ್ಟುವಷ್ಟರಲ್ಲಿ ಬರಿಗೈ. ಅಷ್ಟು ದಪ್ಪಗಿದ್ದ ಮಾವನೂ ಎಂಟು ಗಂಟೆಯ ಹೊತ್ತಿಗೆ ಸೋತರು. ಅಕ್ಕ ಮಾತ್ರ, ಹಿಂದಿನ ದಿನ ಮಧ್ಯಾಹ್ನವೇ ತನ್ನ ಟ್ಯಾಂಕು ತುಂಬಿಕೊಂಡು ಕೂತಿದ್ದ ಅಕ್ಕ, ಮನೆಮನೆಗೂ ನೀಲಿ! ಕೆಳಗಿನವರು ಟ್ರ್ಯಾಕ್ಟರನ್ನು ಎರಡು ಸಲ ತೊಳೆದರೂ ಮೇಲಿನವರ ಒಂದು ಹನಿ ಕಡಿಮೆಯಾಗುತ್ತಿರಲಿಲ್ಲ. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಖಾದರ್ ಸರ್ ಪರದೆ ನೋಡಿ, ನನ್ನನ್ನು ನೋಡಿ, “ಮೂವತ್ತು ವರ್ಷ ನೀರಾಗ ಕಳದೀನಿ, ನನಗೂ ಅಮಾಸಿ ಹೊಳೀಲಿಲ್ಲಪಾ. ಶಾಬಾಸ್” ಎಂದರು. ಶಾಬಾಸ್ ಸಲ್ಲಬೇಕಾದ್ದು ಜೋಳ ಹಸನು ಮಾಡುವವಳಿಗೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಹೋಲಿಕೆಯ ಪಟ್ಟಿ ಹಿಡಿದುಕೊಂಡು ನಾನೂ ಖಾದರ್ ಸರ್ ಅವರೂ ಯೋಜನೆಗೆ ಒಪ್ಪಿಗೆ ಕೊಡುವ ಲಿಂಗಸುಗೂರಿನ ಸಭೆಗೆ ಹೋದೆವು. ಮೇಲಿನಿಂದ ಬಂದಿದ್ದ ಹಿರಿಯ ಅಧಿಕಾರಿ, ಎಲ್ಲರೂ ಮೇಡಂ ಎನ್ನುತ್ತಿದ್ದವರು, ನಡುವೆ ಕೂತಿದ್ದರು. ಪಟ್ಟಿಯ ಪ್ರತಿಗಳನ್ನು ನಾನೇ ಹಂಚಿದೆ. ಹಂಚಿ ಕೂತ ಮೇಲೆ ನನ್ನ ಪ್ರತಿಯನ್ನು ನೋಡಿದೆ. ಹೆಸರುಗಳನ್ನು ಬದಲಿಸುವುದನ್ನು ಮರೆತಿದ್ದೆ. ಹೆಸರಷ್ಟೇ ಅಲ್ಲ, ನನ್ನ ನೆನಪಿಗೆಂದು ಪಕ್ಕದಲ್ಲಿ ಬರೆದುಕೊಂಡ ಷರಾಗಳೂ ಹಾಗೇ ಇದ್ದವು. ಮೇಡಂ ಕನ್ನಡಕ ಸರಿಮಾಡಿಕೊಂಡು ಇಡೀ ಸಭೆಗೆ ಕೇಳುವಂತೆ ಓದಿದರು.

“ದೊಡ್ಡಪ್ಪ: ಖರ್ಚು ಕಡಿಮೆ, ಆದರೆ ಅಮಾವಾಸ್ಯೆಯ ದಿನ ಕೈ ಕೊಡುತ್ತಾರೆ. ಮಾವ: ಬೇಕಾದ್ದಕ್ಕಿಂತ ದಪ್ಪ, ಕರೆಂಟು ಬಹಳ ತಿನ್ನುತ್ತಾರೆ. ಚಿಕ್ಕಮ್ಮ: ದಾರಿಯಲ್ಲೇ ಎಲ್ಲ ಮುಗಿಸಿ ಬರುತ್ತಾಳೆ. ಅಕ್ಕ: ಯಾರ ಮಾತೂ ಕೇಳುವುದಿಲ್ಲ, ನೇರ ಮೇಲೆ ಹತ್ತುತ್ತಾಳೆ.” ಅವರು ಹಾಳೆಯಿಂದ ತಲೆಯೆತ್ತಿದರು. “ಇದು ನೀರಿನ ಯೋಜನೆಯೋ, ಆಸ್ತಿ ಪಾಲೋ?”

ಸಭೆ ನಕ್ಕಿತು. ಖಾದರ್ ಸರ್ ಮೇಜಿನ ಕೆಳಗೆ ಏನೋ ಬಿದ್ದವರಂತೆ ಬಗ್ಗಿದರು, ಬಹಳ ಹೊತ್ತು ಏಳಲಿಲ್ಲ. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಹೆಸರು ಏಕೆ, ಅಮಾವಾಸ್ಯೆ ಏನು, ಬಕೆಟ್ಟು ಎಷ್ಟು, ಎಲ್ಲ. ಹೇಳುತ್ತಾ ಹೇಳುತ್ತಾ, ಆ ಓಣಿಯ ತುದಿಯ ಮನೆ ನನ್ನ ಸ್ವಂತ ಅಕ್ಕನದು ಎನ್ನುವುದನ್ನೂ ಹೇಳಿದೆ. ಮುಚ್ಚಿಟ್ಟು ಆಮೇಲೆ ಟಂಟಂನಲ್ಲಿ ಕೇಳಿಸಿಕೊಳ್ಳುವುದಕ್ಕಿಂತ ಅದು ಲೇಸೆನಿಸಿತು. ಸಭೆಯ ನಗು ನಿಂತಿತು. ಮೂಲೆಯಲ್ಲಿ ಕೂತಿದ್ದ ಒಬ್ಬರು, “ಹಂಗ ಹೇಳ್ರಿ ಮತ್ತ!” ಎಂದರು. ಮೇಡಂ ಪೆನ್ನಿನಿಂದ ನನ್ನ ಚೀಲವನ್ನು ತೋರಿಸಿದರು.

“ಲ್ಯಾಪ್‌ಟಾಪ್ ತಂದಿದ್ದೀರಲ್ಲ? ನಿಮ್ಮ ಅಕ್ಕನ ಮನೆಯನ್ನು ತೆಗೆದುಹಾಕಿ. ಆಮೇಲೆ ಲೆಕ್ಕ ಮಾಡಿ ತೋರಿಸಿ.”

ಗೋಡೆಯ ಮೇಲೆ ಊರು ಮೂಡಿತು. ಎಲ್ಲರೂ ನೋಡುತ್ತಿರುವಂತೆ ತುದಿಯ ಚುಕ್ಕಿಯನ್ನು ಹಿಡಿದು ಅಳಿಸಿದೆ. ಒಡಹುಟ್ಟಿದವಳ ಮನೆಯನ್ನು ಒಂದು ಬೆರಳಿನಲ್ಲಿ ಅಳಿಸುವುದು ಸುಲಭವಲ್ಲ, ಆದರೆ ನ್ಯಾಯದ ಮುಂದೆ ನಾನು ಕಲ್ಲಾಗಿದ್ದೆ. ರನ್ ಒತ್ತಿದೆ. ದೊಡ್ಡಪ್ಪ ಮತ್ತೆ ಕೆಂಪು. ಮಾವ ಕೆಂಪು. ಚಿಕ್ಕಮ್ಮ ಕೆಂಪು. ಅಕ್ಕ, ಅಕ್ಕನ ಮನೆಯೇ ಇಲ್ಲದೆಯೂ, ಇಡೀ ಓಣಿ ನೀಲಿ!

“ಅಕ್ಕನ ಮನೆ ಇದ್ದರೂ ಇಲ್ಲದಿದ್ದರೂ ಅಕ್ಕನೇ ಸರಿ” ಎಂದು ಮೇಡಂ ಹಾಳೆಯ ಮೇಲೆ ಸಹಿ ಮಾಡಿದರು. ಮೂಲೆಯವರೂ ಚಪ್ಪಾಳೆ ತಟ್ಟಿದರು. ಖಾದರ್ ಸರ್ ಮೇಜಿನ ಕೆಳಗಿನಿಂದ ಮೇಲೆ ಬಂದರು. ಗೆಲುವಿನ ಆ ಗಳಿಗೆಯನ್ನು ಶಾಶ್ವತವಾಗಿಸಲು ನಾನು ಆ ಲೆಕ್ಕವನ್ನು ಅಲ್ಲೇ ಸೇವ್ ಮಾಡಿ, ಎದೆಯುಬ್ಬಿಸಿಕೊಂಡು ಲ್ಯಾಪ್‌ಟಾಪು ಮಡಚಿದೆ.

ಕೆಲಸ ಶುರುವಾಯಿತು, ಮುಗಿಯಿತು. ಬಂಡೆಯ ಮೇಲೆ ಸಣ್ಣ ಟ್ಯಾಂಕು ಎದ್ದಿತು. ಗುಡ್ಡದ ಓಣಿಗೆ ನೀರು ಬಿಡುವ ದಿನ ಸುಜಾತಾಳನ್ನೂ ಕರೆದುಕೊಂಡು ಹೋದೆ, ಬಿಳಿ ಅಂಗಿ ಹಾಕಿಕೊಂಡು. ಓಣಿಯ ಮಂದಿಯೆಲ್ಲ ಕೊಡ ಹಿಡಿದು ತಂತಮ್ಮ ನಳದ ಮುಂದೆ ನಿಂತಿದ್ದರು. ಟ್ಯಾಂಕಿನ ವಾಲ್ವ್ ತಿರುಗಿಸಿದರು. ಮೊದಲ ಮನೆಯ ನಳ ಕೆಮ್ಮಿತು, ಉಗುಳಿತು, ಆಮೇಲೆ ಸುರಿಯಿತು. ಕೇಕೆ ಎದ್ದಿತು. ಎರಡನೆಯ ಮನೆ, ಮೂರನೆಯ ಮನೆ, ಕೇಕೆ ಹತ್ತಿರ ಹತ್ತಿರ ಬರುತ್ತಿತ್ತು. ಹುಡುಗಿಯರು ನೀರೆರಚಿಕೊಂಡರು, ಯಾರೋ ನನ್ನ ಕೊರಳಿಗೆ ಹಾರ ಹಾಕಿದರು, ಅಜ್ಜಿಯೊಬ್ಬಳು ಬೊಗಸೆಯಲ್ಲಿ ನೀರು ಹಿಡಿದು ಕುಡಿಯದೆ ಸುಮ್ಮನೆ ನೋಡುತ್ತಾ ನಿಂತಳು. ನಾನು ಗೆದ್ದಿದ್ದೆ. ಬಾಳಿನಲ್ಲಿ ಅಷ್ಟು ಗೆದ್ದದ್ದು ಅದೇ ಮೊದಲು. ಕೇಕೆ ಹುಲಿಗೆಮ್ಮನ ಮನೆಯವರೆಗೆ ಬಂತು. ಅದರ ಮುಂದಿನದು ಅಕ್ಕನ ಮನೆ. ಅಲ್ಲಿ ಕೇಕೆ ಕೇಳಲಿಲ್ಲ. ಅಕ್ಕ ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಆಡಿನ ಹಗ್ಗ ಹಿಡಿದು ನಿಂತಿದ್ದಳು. ನಳ ತಣ್ಣಗೆ ಟವೆಲ್ಲು ತೂಗಿಕೊಂಡಿತ್ತು.

ಮೇಸ್ತ್ರಿಯನ್ನು ಕರೆದೆ. ಅವನು ನಕ್ಷೆ ಬಿಚ್ಚಿ ನನ್ನ ಮೂಗಿನ ಕೆಳಗೆ ಹಿಡಿದ. “ನಕಾಶದಾಗ ಈ ಮನೀನ ಇಲ್ರೀ ಸರ್. ಹುಲಿಗೆಮ್ಮನ ಮನಿಗೆ ಪೈಪ್ ಖಲಾಸ್. ನಿಮ್ಮ ಸಹೀನ ಐತಿ ನೋಡ್ರಿ.”

ನೋಡಿದೆ. ಖರೇ. ಸಭೆಯಲ್ಲಿ ಅಳಿಸಿದ ಚುಕ್ಕಿಯನ್ನು ನಾನು ಮತ್ತೆ ಬರೆದೇ ಇರಲಿಲ್ಲ. ಆ ಸಾಫ್ಟ್‌ವೇರಿನ ಗುಣವೇನೆಂದರೆ, ತುದಿಯ ಮನೆಯನ್ನು ಅಳಿಸಿದರೆ ಅಲ್ಲಿಗೆ ಹೋಗುವ ಪೈಪೂ ಅದರ ಜೊತೆಗೇ ಹೋಗುತ್ತದೆ. ಅದೇ ನಕ್ಷೆ ಛಾಪಾಗಿ, ಸಹಿಯಾಗಿ, ಬಂದಿತ್ತು.

“ನಮ್ಮ ಮನಿ ಎಲ್ಲಿ ಹೋತೋ ತಮ್ಮಾ?” ಎಂದಳು ಅಕ್ಕ.

“ತಗದಿದ್ದೆ ಅಕ್ಕಾ.”

“ಯಾವಾಗ?”

“ಮೀಟಿಂಗಿನ್ಯಾಗ.”

“ಎದಕ?”

“ನಿನ್ನ ಸಲುವಾಗಿ.”

ಓಣಿಗೆ ಓಣಿಯೇ ನಕ್ಕಿತು. ಅಕ್ಕ ನಗಲಿಲ್ಲ. ಅವಳು ಖಾಲಿ ಕೊಡವನ್ನು ಕೆಳಗಿಟ್ಟು, ಗೋಡೆಗೆ ಕೈ ಕೊಟ್ಟು ನಿಂತಳು. ಆ ಕೈ ನೋಡಿ ನನ್ನ ಕೊರಳಿನ ಹಾರ ಭಾರವಾಯಿತು. ಅಲ್ಲಿಂದಲೇ ಖಾದರ್ ಸರ್‌ಗೆ ಫೋನ್ ಮಾಡಿದೆ. ಅವರು ಮೊದಲು ಸಾಕಷ್ಟು ನಕ್ಕರು, ಆಮೇಲೆ ಮೇಡಂಗೆ ತಿಳಿಸಿ, ತಿದ್ದಿದ ನಕ್ಷೆಯನ್ನು ಅರ್ಧ ಗಂಟೆಯೊಳಗೆ ಮೇಸ್ತ್ರಿಯ ಮೊಬೈಲಿಗೆ ಕಳಿಸಿದರು. ಪೈಪು ಉಳಿದಿತ್ತು. ಆದರೆ ಅಗೆಯುವ ಮಂದಿ ಬೆಳಗ್ಗೆಯೇ ಬಳಗಾನೂರಿನ ಕೆಲಸಕ್ಕೆ ಹೋಗಿಬಿಟ್ಟಿದ್ದರು. ನಾಲ್ಕು ದಿನ ಬಿಟ್ಟು ಬರುತ್ತಾರೆ ಎಂದ ಮೇಸ್ತ್ರಿ.

“ನಾಳಿ ಅಮಾಸಿ” ಎಂದಳು ಅಕ್ಕ. ಒಳಗೆ ಹೋಗಿ ಹಾರೆ ತಂದು ನನ್ನ ಕೈಗೆ ಕೊಟ್ಟಳು.

ಹುಲಿಗೆಮ್ಮನ ಮನೆಯಿಂದ ಅಕ್ಕನ ನಳಕ್ಕೆ ಹದಿನೆಂಟು ಹೆಜ್ಜೆ. ಸಾಫ್ಟ್‌ವೇರಿನ ಗೆರೆಯಲ್ಲಿ ಅದು ಬೆರಳಿನ ಒಂದು ಎಳೆತ. ಗುಡ್ಡದ ಓಣಿಯ ನೆಲದಲ್ಲಿ ಅದು ಗರಸು ಮಣ್ಣು, ಅದರ ಕೆಳಗೆ ಬಂಡೆಯ ಚಕ್ಕೆ. ಮೊದಲ ಏಟಿಗೇ ಹಾರೆ ಟಣ್ ಎಂದು ನನ್ನ ಹಲ್ಲಿನವರೆಗೆ ನಡುಗಿತು. ನೋಡಲು ನಿಂತವರು ಸಲಹೆ ಕೊಡತೊಡಗಿದರು. ಬೇವಿನ ಗಿಡದ ಎಡಕ್ಕೆ ತೋಡಿದರೆ ಮಣ್ಣು ಮೆತ್ತಗೆ ಎಂದರು ಕೆಲವರು, ಬಲಕ್ಕೆ ತೋಡಿದರೆ ದಾರಿ ಹತ್ತಿರ ಎಂದರು ಕೆಲವರು. ನಾನು ಹಾರೆ ಹಿಡಿದು ಎಡಕ್ಕೂ ಬಲಕ್ಕೂ ನೋಡುತ್ತಾ ನಿಂತುಬಿಟ್ಟೆ. ಅಕ್ಕ ಬಂದು, ಕಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದಳು. “ಇಲ್ಲಿಂದ ಇಲ್ಲಿಗೆ” ಎಂದಳು. ಅದೊಂದೇ ಆಲ್ಟರ್ನೇಟಿವ್. ಬಿಸಿಲು ಇಳಿಯುವವರೆಗೆ ತೋಡಿದೆ. ಟಂಟಂ ಓಡಿಸುವ ಭಾವ ಅದನ್ನು ನಿಲ್ಲಿಸಿ ಬಂದು ಸಲಿಕೆ ಹಿಡಿದರು. ಸುಜಾತಾ ಬುಟ್ಟಿಯಲ್ಲಿ ಮಣ್ಣು ಹೊತ್ತಳು, ಮಧ್ಯೆ ಮಧ್ಯೆ ನಿಂತು, “ರೀ, ನಡಾ ಹಿಡಿದೀತು, ಸಣ್ಣಗ ಹೊಡೀರಿ” ಎನ್ನುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಬಿಳಿ ಅಂಗಿ ಯಾವ ಬಣ್ಣವೆಂದು ಕೇಳಬೇಡಿ. ಸಂಜೆಗೆ ಮೇಸ್ತ್ರಿ ಪೈಪು ಜೋಡಿಸಿ, ನಳದ ಟವೆಲ್ಲು ತೆಗೆದು ಭಾವನ ಹೆಗಲ ಮೇಲೆ ಹಾಕಿದ.

ಮರುದಿನ ಅಮಾವಾಸ್ಯೆ. ಬೆಳಗಿನ ಏಳು ಗಂಟೆ. ಕೆಳಗಿನ ಓಣಿಯಲ್ಲಿ ಬಕೆಟ್ಟುಗಳ ಸದ್ದು, ಎತ್ತಿನ ಗಂಟೆ, ಬಸಪ್ಪನವರ ಟ್ರ್ಯಾಕ್ಟರಿನ ಮೇಲೆ ನೀರು ಬೀಳುವ ಸದ್ದು ಸ್ಪಷ್ಟವಾಗಿ ಮೇಲಕ್ಕೆ ಕೇಳುತ್ತಿತ್ತು. ಮೇಲೆ ವಾಲ್ವ್ ತಿರುಗಿಸಿದರು. ಅಕ್ಕ ನಳದ ಕೆಳಗೆ ಕೊಡವಿಟ್ಟಳು. ನಳ ಮೊದಲು ಉಸಿರು ಬಿಟ್ಟಿತು. ಆಮೇಲೆ ಕೆಂಪು ನೀರು ಉಗುಳಿತು. ಆಡು ಬೆದರಿ ಹಗ್ಗ ಕಿತ್ತುಕೊಂಡು ಓಡಿತು. ಅದರ ಹಿಂದೆಯೇ, ತಿಳಿಯಾದ, ದಪ್ಪನೆಯ ನೀರು ಬಂತು. ಕೊಡ ತುಂಬಿತು, ತುಂಬಿ ಉಕ್ಕಿತು. ಅಕ್ಕ ನಳ ನಿಲ್ಲಿಸಲೇ ಇಲ್ಲ, ಹರಿಯುವುದನ್ನು ನೋಡುತ್ತಾ ನಿಂತಳು. ನಾನು ಅತ್ತೆ, ಅಳಲಿಲ್ಲವೆಂದು ಸುಳ್ಳು ಹೇಳಲಾರೆ. ಅಮಾವಾಸ್ಯೆಯ ದಿನ ಗುಡ್ಡದ ಓಣಿಯಲ್ಲಿ ನೀರು!

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಣ್ಣಗೆ ನಗು ಇತ್ತು.

“ಈ ನೀರಿನ್ಯಾಗ ನಿನಗ ಮೊದಲ ಏನು ಮಾಡ್ಲೋ ತಮ್ಮಾ? ಚಹಾ ಮಾಡ್ಲೋ, ಮಜ್ಜಿಗಿ ಮಾಡ್ಲೋ?”

ನಾನು ಯೋಚಿಸಿದೆ. ಬೆಳಗಿನ ಹೊತ್ತು, ಚಹಾ ಚೆನ್ನ. ಆದರೆ ನಿನ್ನೆಯ ಬಿಸಿಲು ಇನ್ನೂ ಮೈಯಲ್ಲೇ ಇತ್ತು, ಮಜ್ಜಿಗೆ ತಂಪು. ಚಹಾಕ್ಕೆ ಬೆಲ್ಲವೋ ಸಕ್ಕರೆಯೋ ಎಂಬುದೂ ಇತ್ತು. ಸುಜಾತಾ ಅಕ್ಕನ ಕಡೆ ನೋಡಿ ಹಣೆ ಚಚ್ಚಿಕೊಂಡಳು. ಅಕ್ಕ ಇನ್ನೊಂದು ಕ್ಷಣ ಕಾದಳು. ಆಮೇಲೆ ನಳದ ಬಾಯಿಗೆ ಹೆಬ್ಬೆರಳು ಒತ್ತಿ, ಇಡೀ ನೀರನ್ನು ನನ್ನ ಮುಖಕ್ಕೆ ತಿರುಗಿಸಿದಳು.

ಒತ್ತಡ ನನ್ನ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು.